ಟವಲು ಹೊದ್ದ ಟಚ್‌ಪ್ಯಾಡು

ಚೌಡಪ್ಪನವರು ಟಚ್‌ಪ್ಯಾಡಿನ ಮೇಲೆ ಬೆರಳಿಡುವ ಮೊದಲು ಹೆಗಲ ಮೇಲಿನ ಟವಲನ್ನು ತೆಗೆದು ಅದಕ್ಕೆ ಹೊದಿಸುತ್ತಿದ್ದರು. ಆಮೇಲೆ ಬಲಗೈಯನ್ನು ಟವಲಿನ ಒಳಗೆ ತೂರಿಸಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಏನೂ ನಡೆಯುತ್ತಿಲ್ಲವೆಂಬಂತೆ ಕೂರುತ್ತಿದ್ದರು. ಎದುರಿಗಿದ್ದ ನನ್ನ ಹಳೆಯ ಡೆಸ್ಕ್‌ಟಾಪಿನ ಪರದೆಯಲ್ಲಿ ಬಾಣದ ಗುರುತು ಮಾತ್ರ ಹೊಸದಾಗಿ ಮೂಗುದಾರ ಹಾಕಿಸಿಕೊಂಡ ಹೋರಿಯಂತೆ ಅತ್ತಿಂದಿತ್ತ ಎಳೆದಾಡುತ್ತಿತ್ತು.

"ಪರದೆ ನೋಡಿ ಚೌಡಪ್ಪನೋರೆ, ಕಿಟಕಿ ನೋಡಿದ್ರೆ ಹೆಂಗೆ?" ಎಂದರೆ, "ಬೆರಳು ಮಾತಾಡೋವಾಗ ಮುಖ ಮಾತಾಡಬಾರ್ದು ಕಣಮ್ಮ. ಮುಖ ನೋಡಿ ಬೆಲೆ ತಿಳ್ಕೊಂಡುಬಿಡ್ತಾರೆ," ಎನ್ನುತ್ತಿದ್ದರು.

"ಯಾರು ತಿಳ್ಕೊತಾರೆ? ಇಲ್ಲಿರೋದು ನೀವು, ನಾನು, ಈ ಕಂಪ್ಯೂಟರು."

"ಅದನ್ನೇನ್ ನಂಬೋಕಾಯ್ತದಾ?"

ಆ ಟವಲು ಕೆಂಪು ಚೌಕಳಿಯದು ಎಂದು ನನ್ನ ನೆನಪು. ಆದರೆ ದನದ ದಲ್ಲಾಳಿಯ ಟವಲು ಕೆಂಪು ಚೌಕಳಿಯದೇ ಆಗಿರಬೇಕೆಂದು ನನ್ನ ಮನಸ್ಸು ಆಮೇಲೆ ತೀರ್ಮಾನಿಸಿಕೊಂಡಿರಲೂಬಹುದು. ಆಗಿನ ನನ್ನ ದಿನಚರಿಯಲ್ಲಿ ಟವಲಿನ ಮಾತು ಹಲವು ಕಡೆ ಬರುತ್ತದೆ, ಬಣ್ಣ ಎಲ್ಲೂ ಇಲ್ಲ.

ಚಿಂತಾಮಣಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಪ್ರಾಯದಿಂದ ಮುಪ್ಪಿನವರೆಗೂ ಸುತ್ತಮುತ್ತಲ ದನದ ಸಂತೆಗಳಲ್ಲಿ ದಲ್ಲಾಳಿಯಾಗಿದ್ದವರು. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು, ಟವಲಿನ ಕೆಳಗೆ ಒಬ್ಬೊಬ್ಬರದೇ ಕೈ ಹಿಡಿದು ಬೆಲೆ ಕುದುರಿಸುವುದು ಅವರ ಕಸುಬು. ಇಷ್ಟು ಬೆರಳು ಹಿಡಿದರೆ ಇಷ್ಟು, ಅಂಗೈ ಒತ್ತಿದರೆ ಇನ್ನಷ್ಟು. ಸುತ್ತ ಜನ ನೆರೆದಿದ್ದರೂ ಎತ್ತು ಎಷ್ಟಕ್ಕೆ ಹೋಯಿತೆಂಬುದು ಆ ಕೈಗಳಿಗೆ ಮಾತ್ರ ಗೊತ್ತು. ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವವಳು. ಈ ಬೆರಳಿನ ಭಾಷೆಯನ್ನು ಕಲಿಸಿಕೊಡಿ ಎಂದು ಅವರನ್ನು ಎಷ್ಟೋ ಸಲ ಪೀಡಿಸಿದ್ದೇನೆ. "ಕಲ್ತು ಯಾವ ಎತ್ತು ಮಾರ್ತೀಯಮ್ಮ?" ಎಂದು ನಕ್ಕುಬಿಡುತ್ತಿದ್ದರು.

ಕಸುಬು ಬಿಟ್ಟರೂ ಕಸುಬಿನ ಕಣ್ಣು ಹೋಗಿರಲಿಲ್ಲ. ಬೀದಿಯಲ್ಲಿ ಹೋಗುವವರನ್ನು ಜಗಲಿಯಲ್ಲಿ ಕೂತು ಅಳೆಯುತ್ತಿದ್ದರು. ನಮ್ಮ ಪ್ರಿನ್ಸಿಪಾಲರು ಒಮ್ಮೆ ಮನೆಗೆ ಬಂದುಹೋದ ಮೇಲೆ, "ಒಳ್ಳೇ ಜಾತಿ. ಆದ್ರೆ ಹಿಂಗಾಲು ಎಳೀತದೆ, ಉಳುಮೆಗೆ ಆಗಲ್ಲ," ಎಂದಿದ್ದರು. ಇನ್ನೊಂದು ಅವರ ಗುರುತು ಟೀ. ವ್ಯಾಪಾರ ಕುದುರಿದರೆ ಟೀ, ಮುರಿದರೆ ಟೀ; ಮನೆಯಲ್ಲಿ ಎರಡೂ ಇಲ್ಲದಿದ್ದರೂ ಟೀ. ಗಡಿಯ ಕಡೆಯ ತೆಲುಗು ಅವರ ನಾಲಿಗೆಯಲ್ಲಿ ಸೇರಿಹೋಗಿತ್ತು. ಹೆಂಡತಿ ಗಂಗುಲಮ್ಮನನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. "ಏಮೇ" ಎನ್ನುತ್ತಿದ್ದರು. "ಏಮೇ, ಒಂದ್ ಲೋಟ ಟೀ ಇಡ್ತೀಯಾ?" ಎಂಬ ಕೂಗು ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬೀಳುತ್ತಿತ್ತು. ಹಿಂದೆಯೇ ಗಂಗುಲಮ್ಮನ ಉತ್ತರ: "ಹೊಟ್ಟೇನೋ ಬಾಯ್ಲರೋ ಅದು?" ಆಕೆ ಟೀ ಕುಡಿಯುತ್ತಿರಲಿಲ್ಲ. ಮಾಡಿಕೊಡುತ್ತಿದ್ದರು, ಅಷ್ಟೆ.

ಗಂಗುಲಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಅವುಗಳ ಜೊತೆಗೆ ಮಾತೂ ಹೋಯಿತು. ತಿಳಿವು ಹೋಗಿರಲಿಲ್ಲ. ಸೊಸೆ ಮಂಜುಳಾ ಮಂಚದ ಪಕ್ಕ ನಿಂತು, "ನೀರಾ ಅತ್ತೆ? ಊಟಾನಾ? ಬೆನ್ನು ನೋಯ್ತಾ?" ಎಂದು ಒಂದೊಂದಾಗಿ ಕೇಳಬೇಕು, ಆಕೆ ತಲೆಯಾಡಿಸಬೇಕು. ಕೇಳಬೇಕಾದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳಿ ಮುಗಿಸುವ ಹೊತ್ತಿಗೆ ಗಂಗುಲಮ್ಮ ಗೋಡೆಯ ಕಡೆ ಮುಖ ಮಾಡಿಬಿಡುತ್ತಿದ್ದರು. ಓದು ಬರಹ ಬಾರದವರಾದ್ದರಿಂದ ಬರೆದು ತೋರಿಸುವ ದಾರಿಯೂ ಇರಲಿಲ್ಲ.

ಒಂದು ಮಧ್ಯಾಹ್ನ ಚೌಡಪ್ಪನವರು ನಮ್ಮ ಮನೆಗೆ ಬಂದು, ಕೂರದೆ, ಬಾಗಿಲಲ್ಲೇ ನಿಂತು ಹೇಳಿದರು: "ಆಕೆ ಒಳಗೇ ಅವ್ಳೆ ಕಣಮ್ಮ. ಕಣ್ಣು ನೋಡಿದ್ರೆ ಗೊತ್ತಾಯ್ತದೆ. ನಂಗೆ ಏನೋ ಹೇಳ್ಬೇಕು ಆಕೆಗೆ. ಏನು ಅಂತ ತಿಳೀದೆ ನಾನು ಸಾಯೋದು ಬೇಡ. ನಿನ್ ಕಂಪ್ಯೂಟರಲ್ಲಿ ಏನಾದ್ರೂ ದಾರಿ ಐತಾ?"

ದಾರಿ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮೂಲೆಯಲ್ಲಿ ಧೂಳು ಹಿಡಿದಿದ್ದ ಡೆಸ್ಕ್‌ಟಾಪ್ ಮಾತ್ರ ಇತ್ತು. ಫೋನು ಆಕೆಯ ಕೈಯಿಂದ ಜಾರಿ ಬೀಳುತ್ತಿತ್ತು, ಅದರ ಚಿತ್ರಗಳೂ ಸಣ್ಣವು. ದೊಡ್ಡ ಪರದೆಯಲ್ಲಿ ದೊಡ್ಡ ಚಿತ್ರಗಳನ್ನಿಟ್ಟು, ಬೇಕಾದ್ದರ ಮೇಲೆ ಬಾಣ ನಿಲ್ಲಿಸಿದರೆ ಕಂಪ್ಯೂಟರೇ ಆ ಮಾತು ಹೇಳುವಂತೆ ಮಾಡಬಹುದೆಂದು ಓದಿ ತಿಳಿದುಕೊಂಡೆ. ಉಳಿದದ್ದು ಒಂದೇ ಪ್ರಶ್ನೆ: ಎಡಗೈಯ ಕೊಂಚ ಬಲದಲ್ಲಿ ಆಕೆ ಬಾಣವನ್ನು ನಡೆಸುವುದು ಹೇಗೆ?

ಡೆಸ್ಕ್‌ಟಾಪನ್ನು ಆಕೆಯ ಮಂಚದ ಪಕ್ಕಕ್ಕೆ ಸಾಗಿಸಿದೆವು. ಮೌಸನ್ನು ಆಕೆಯ ಅಂಗೈ ಹಿಡಿಯಲಿಲ್ಲ. ಅದು ಮಂಚದಿಂದ ಕೆಳಗೆ ಬಿದ್ದು ತನ್ನ ವೈರಿನಲ್ಲೇ ನೇತಾಡಿತು. ಆಮೇಲೆ ಟ್ರ್ಯಾಕ್‌ಬಾಲ್ ತರಿಸಿದೆ. ಅಲುಗಾಡದೆ ಕೂರುವ, ನೆತ್ತಿಯ ಮೇಲಿನ ದೊಡ್ಡ ಗುಂಡನ್ನು ಉರುಳಿಸಿ ಬಾಣ ನಡೆಸುವ ಸಾಧನ. ಚೌಡಪ್ಪನವರು ಅದನ್ನು ಕೈಗೆ ತೆಗೆದುಕೊಂಡು ಸುತ್ತ ನೋಡಿದರು, ತಟ್ಟಿದರು, ತಲೆಕೆಳಗೆ ಮಾಡಿದರು. ಗುಂಡು ಟಣ್ಣನೆ ನೆಲಕ್ಕೆ ಬಿದ್ದು ಮಂಚದಡಿಗೆ ಓಡಿತು.

"ಅಯ್ಯೋ, ಇದರ ಕಣ್ಣೇ ಬಿದ್ದೋಯ್ತಲ್ಲಮ್ಮ!"

"ಯಾಕೆ ತಿರುಗಿಸಿದ್ರಿ?"

"ಹಲ್ಲು ನೋಡದೆ ಕೊಳ್ತಾರಾ?"

ಗಂಗುಲಮ್ಮನ ಗಂಟಲಿನಿಂದ ಒಂದು ಸದ್ದು ಬಂತು. ಅದು ನಗು ಎಂದು ಚೌಡಪ್ಪನವರು, ಮಂಜುಳಾ, ನಾನು ಮೂವರೂ ಒಪ್ಪಿಕೊಂಡೆವು. ಗುಂಡು ಸಿಕ್ಕಿತು, ಆದರೆ ಉಪಯೋಗಕ್ಕೆ ಬರಲಿಲ್ಲ: ಆಕೆಯ ಬೆರಳು ದೂಡಿದರೆ ಅದು ನಿಲ್ಲಬೇಕಾದಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ ತಂದದ್ದು ಟಚ್‌ಪ್ಯಾಡು. ಲ್ಯಾಪ್‌ಟಾಪಿನಲ್ಲಿ ಇರುವಂಥದ್ದೇ, ಬಿಡಿಯಾಗಿ, ವೈರಿನೊಡನೆ. ಅದಕ್ಕೆ ಹಿಡಿತ ಬೇಡ, ಬಲ ಬೇಡ. ಬೆರಳೊಂದು ಸವರಿದರೆ ಸಾಕು. ಹೆಂಡತಿಯ ಕೈಗೆ ಕೊಡುವ ಮೊದಲು ತಾನು ಕಲಿಯುತ್ತೇನೆಂದು ಚೌಡಪ್ಪನವರು ಹಟ ಹಿಡಿದರು. ಅದಕ್ಕಾಗಿ ಕಂಪ್ಯೂಟರನ್ನು ಕೆಲವು ದಿನ ಮತ್ತೆ ನಮ್ಮ ಮನೆಗೆ ತಂದೆವು; ಟವಲು ಹೊದಿಸಿ ಕಲಿತದ್ದು ಆಗಲೇ. ಟವಲು ಕೈಯನ್ನು ಮುಚ್ಚುವುದರಿಂದ ಕಣ್ಣು ಪರದೆಗೆ ಹೋಗಲಿ ಎಂಬ ಉಪಾಯವಿರಬೇಕೆಂದು ನಾನು ಮೊದಲು ಅಂದುಕೊಂಡಿದ್ದೆ. ಕಿಟಕಿಗೆ ಹೋಗುವ ಕಣ್ಣುಗಳನ್ನು ಕಂಡ ಮೇಲೆ ಆ ವಿವರಣೆಯನ್ನು ಕೈಬಿಟ್ಟೆ.

ಮಾತುಗಳನ್ನು ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಿಕೊಂಡೆವು. "ನೀರು ಬೇಕು", "ಹೊರಳಿಸಿ", "ಫ್ಯಾನು ಹಾಕಿ" ಎಲ್ಲವನ್ನೂ ಶಾಲೆಯ ಹುಡುಗನಂತೆ ಒಪ್ಪಿಸಿದರು. ಟೀ ಲೋಟದ ಚಿತ್ರ ಬಂದಾಗ ಮಾತ್ರ ಬಾಯಿಂದ ಹೊರಟದ್ದು, "ಏಮೇ, ಒಂದ್ ಲೋಟ ಟೀ ಇಡ್ತೀಯಾ?"

"ಹಂಗಲ್ಲ ಚೌಡಪ್ಪನೋರೆ. ಕೇಳೋದು ಅವ್ರು. 'ಟೀ ಬೇಕು' ಅನ್ನಿ."

"ಆಕೆ ಯಾವತ್ ಕೇಳವ್ಳೆ ಟೀನಾ? ಕೇಳೋನು ನಾನೇ."

"ಮತ್ತೆ ಈ ಚಿತ್ರ ಯಾಕೆ?"

"ಟೀ ಇಲ್ದೆ ಅದೊಂದು ಮನೇನಾ?"

ಮತ್ತೆ ಹೇಳಿಸಿದೆ, ಮತ್ತೆ ಅದೇ ಬಂತು. ಇರಲಿ ಎಂದು ಬಿಟ್ಟೆ. ಟೀ ಚಿತ್ರ ಪರದೆಯ ನಟ್ಟನಡುವೆ ಉಳಿಯಿತು.

ಮೊದಲ ದಿನಗಳಲ್ಲಿ ನಾವು ಸಂಭ್ರಮಪಟ್ಟದ್ದು ಆ ಟೀಯಿಂದಲೇ. ಗಂಗುಲಮ್ಮನ ಬೆರಳನ್ನು ಟಚ್‌ಪ್ಯಾಡಿನ ಮೇಲೆ ಇಟ್ಟ ಸ್ವಲ್ಪ ಹೊತ್ತಿಗೆ ಕಂಪ್ಯೂಟರು ಚೌಡಪ್ಪನವರ ಗಂಟಲಲ್ಲಿ ಕೂಗುತ್ತಿತ್ತು: "ಏಮೇ, ಒಂದ್ ಲೋಟ ಟೀ ಇಡ್ತೀಯಾ?" ಮಂಜುಳಾ ಓಡಿಹೋಗಿ ಟೀ ತರುತ್ತಿದ್ದಳು. ಗಂಗುಲಮ್ಮ ತುಟಿ ಬಿಗಿಹಿಡಿಯುತ್ತಿದ್ದರು. ಲೋಟ ಚೌಡಪ್ಪನವರ ಕೈಗೆ ಹೋಗುತ್ತಿತ್ತು. ಇನ್ನೊಮ್ಮೆ ಕೂಗು, ಇನ್ನೊಂದು ಲೋಟ.

"ನಿಮ್ಮತ್ತೆಗೆ ಈಗ ಟೀ ರುಚಿ ಹತ್ತೈತೆ ಕಣಮ್ಮ ಮಂಜುಳಾ."

"ಕೇಳೋದೂ ನೀವೇ, ಕುಡಿಯೋದೂ ನೀವೇ ಮಾವಾ. ಇದಕ್ಕೆ ಕಂಪ್ಯೂಟರು ಬೇರೆ ಬೇಕಿತ್ತಾ?"

ತಪ್ಪು ಎಲ್ಲಿದೆಯೆಂದು ಆಮೇಲೆ ತಿಳಿಯಿತು. ಪ್ರತಿ ಮಾತಿನ ನಂತರ ಬಾಣ ತಾನಾಗಿ ನಡುವಿಗೆ ಬರುವಂತೆ ನಾನು ಇಟ್ಟಿದ್ದೆ. ಬೆರಳು ಕದಲದಿದ್ದರೆ ಬಾಣ ಟೀಯ ಮೇಲೇ ನಿಂತು ಟೀ ಕೇಳುತ್ತದೆ. ಅಂದರೆ ಗಂಗುಲಮ್ಮ ಏನನ್ನೂ ಕೇಳಿರಲೇ ಇಲ್ಲ. ಟೀಯನ್ನು ಬಲಗಡೆಯ ಕೆಳಮೂಲೆಗೆ ಸರಿಸಿ ನಡುವೆ ಖಾಲಿ ಬಿಟ್ಟೆ. ಕಂಪ್ಯೂಟರು ಪೂರ್ತಿ ಮೂಕವಾಯಿತು. ಬೆರಳು ಟಚ್‌ಪ್ಯಾಡಿನ ಮೇಲೆ ಸುಮ್ಮನೆ ಮಲಗಿರುತ್ತಿತ್ತು. ಮಂಜುಳಾಳ ಗಂಡ, "ಅಮ್ಮಂಗೆ ಇದು ಅರ್ಥ ಆಗಲ್ಲ ಮೇಡಂ, ವಾಪಸ್ ತಗೊಂಡ್ಹೋಗಿ," ಎಂದ. ನನಗೂ ಹಾಗೇ ಅನ್ನಿಸತೊಡಗಿತ್ತು.

ಅಂದು ಮಂಚದ ಸುತ್ತ ನಾವೆಲ್ಲ ನಿಂತಿದ್ದೆವು. ಎದುರು ಮನೆಯವರೂ ನೋಡಲು ಬಂದಿದ್ದರು. "ಏನ್ ಕೇಳ್ತಾರೋ ನೋಡಣ," ಎಂದು ಯಾರೋ ಪರದೆಗೆ ಹತ್ತಿರ ಬಾಗಿದರು. ಚೌಡಪ್ಪನವರು ಹೆಂಡತಿಯ ಮುಖವನ್ನು ನೋಡಿದರು, ನಮ್ಮ ಮುಖಗಳನ್ನು ನೋಡಿದರು, ಇದ್ದಕ್ಕಿದ್ದಂತೆ ರೇಗಿದರು.

"ನಡೀರಿ ಎಲ್ಲ ಆಚೆ! ಸಂತೇಲಿ ಬೆಲೆ ಕೂಗ್ತಾರಾ ಯಾರಾದ್ರೂ? ನಡೀರಿ!"

ಪರದೆಯನ್ನು ಮಂಚದ ಕಡೆಗೆ ತಿರುಗಿಸಿದರು. ಸ್ಪೀಕರ್ ಸದ್ದು ಇಳಿಸೆಂದು ನನಗೆ ಹೇಳಿದರು. ಟವಲು ತೆಗೆದು ಹೆಂಡತಿಯ ಎಡಗೈಯನ್ನೂ ಟಚ್‌ಪ್ಯಾಡನ್ನೂ ಸೇರಿಸಿ ಮುಚ್ಚಿದರು. ಹೊರಗೆ ಬಂದ ನಾವು ಜಗಲಿಯಲ್ಲಿ ಕಾದೆವು. ಬಹಳ ಹೊತ್ತಾದ ಮೇಲೆ ಅವರು ಬಾಗಿಲು ತೆರೆದು ಬಂದು, ಬಚ್ಚಲಿನಿಂದ ಬಿಸಿನೀರು ತೆಗೆದುಕೊಂಡು, ಬೀರುವಿನಿಂದ ಒಂದು ಒಗೆದ ಸೀರೆ ಹಿಡಿದು, ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ನಾನು, "ಏನ್ ಕೇಳಿದ್ರು?" ಎಂದೆ.

"ಬೆಲೆ ಆಚೆ ಹೇಳಂಗಿಲ್ಲ ಕಣಮ್ಮ."

ಅವರು ಇದೇ ಮಾತನ್ನು ಆಡಿದರೋ, ಅಥವಾ ಬರೀ ತಲೆಯಾಡಿಸಿದ್ದಕ್ಕೆ ನಾನು ಮಾತು ಕೊಟ್ಟೆನೋ ಎಂದು ಈಗ ಅನುಮಾನ. ಆ ದಿನದ ದಿನಚರಿಯಲ್ಲಿ, "ಟಚ್‌ಪ್ಯಾಡು ಕೆಲಸ ಮಾಡಿತು" ಎಂದಷ್ಟೇ ಬರೆದಿದ್ದೇನೆ. ಆದರೆ ಅದು ಮೊದಲಿನಿಂದಲೂ ಕೆಲಸ ಮಾಡುತ್ತಲೇ ಇತ್ತಲ್ಲ.

ಅಲ್ಲಿಂದ ಮುಂದೆ ದಿನಾ ಸಂಜೆ ಆ ಕೋಣೆಯ ಬಾಗಿಲು ಅರ್ಧ ಮುಚ್ಚುತ್ತಿತ್ತು. ನೀರು, ಫ್ಯಾನುಗಳನ್ನು ಗಂಗುಲಮ್ಮ ಹಗಲಿನಲ್ಲಿ ಎಲ್ಲರಿಂದಲೂ ಕೇಳಿ ಪಡೆಯುತ್ತಿದ್ದರು. ಸಂಜೆಯದು ಬೇರೆ. ಆಗಾಗ ಚೌಡಪ್ಪನವರು ಬಂದು ಹೊಸ ಚಿತ್ರ ಸೇರಿಸಲು ಹೇಳುತ್ತಿದ್ದರು. ವಿದುರಾಶ್ವತ್ಥದ ಹತ್ತಿರ ಇರುವ ನಾದಿನಿಯ ಫೋಟೋ. ಹಿಂದೆ ಮನೆಯಲ್ಲಿದ್ದ ಒಂದು ಕಪ್ಪು ಹಸು. ಅದರ ಫೋಟೋ ಇಲ್ಲದೆ ಬೇರೆ ಯಾವುದೋ ಹಸುವಿನದನ್ನು ಹಾಕಿದಾಗ, ಕೊಂಬು ಸರಿಯಿಲ್ಲವೆಂದು ವಾಪಸು ಬಂದರು. ಒಮ್ಮೆ, "ಒಂದು ಚೌಕ ಬರೀ ಬಿಳೀದೇ ಇರ್ಲಿ. ಚಿತ್ರ ಬೇಡ, ಸದ್ದು ಬೇಡ," ಎಂದರು.

"ಅದೇನು?"

"ಅದು ನಮ್ದು."

ಆ ಬಿಳಿ ಚೌಕದ ಬಗ್ಗೆ ನಾನು ತುಂಬ ಊಹಿಸಿದ್ದೇನೆ. ಕ್ಷಮೆಯೋ, ಬೈಗುಳವೋ, ಇಬ್ಬರಿಗೇ ಗೊತ್ತಿರುವ ಯಾವುದೋ ಹಳೆಯ ನಗೆಯೋ. ಬೇರೆಯವರ ಟವಲಿನ ಕೆಳಗೆ ಇಣುಕುವ ಈ ಚಪಲ ಓದಿನಿಂದ ಬಂದದ್ದೋ ಹುಟ್ಟಿನಿಂದ ಬಂದದ್ದೋ ತಿಳಿಯದು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಒಂದು ದೂರಿನ ನೆಪದಲ್ಲಿ. ಚಳಿಗಾಲ. ಟಚ್‌ಪ್ಯಾಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. "ನನ್ ಬೆರಳು ತಗೊಳ್ತಿಲ್ಲ ಇದು. ಆಕೇದು ಮುಟ್ಟಿದ್ರೆ ಓಡ್ತದೆ." ಚಳಿಗೆ ಅವರ ಬೆರಳ ತುದಿ ಒಣಗಿ ಒಡೆದಿತ್ತು, ಟಚ್‌ಪ್ಯಾಡಿಗೆ ಅದು ಬೆರಳೆಂದೇ ಗೊತ್ತಾಗುತ್ತಿರಲಿಲ್ಲ. ಕೈಗೆ ಸ್ವಲ್ಪ ಕೊಬ್ಬರಿಎಣ್ಣೆ ಸವರಿ ಒರೆಸಿಕೊಳ್ಳಿ ಎಂದೆ. "ಅದಕ್ಕೂ ಸವಾರನ ಗುರುತು ಹತ್ತೈತೆ ಬಿಡು," ಎಂದು ಹೊರಟರು. ಮಾತಿನಲ್ಲಿ ಅಸೂಯೆಯೂ ಹೆಮ್ಮೆಯೂ ಎಷ್ಟೆಷ್ಟು ಇದ್ದವೋ. ಕೆಲವೇ ದಿನಗಳಲ್ಲಿ, ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದ ಹಾಗೆಯೇ ಹೋದರು.

ಕಾರ್ಯವೆಲ್ಲ ಮುಗಿದ ಮೇಲೆ ಮಂಜುಳಾ ನನ್ನ ಹತ್ತಿರ ಬಂದಳು. ಅಡುಗೆಮನೆಗೆ ಕೇಳಲೆಂದು ಸ್ಪೀಕರಿನ ಸದ್ದು ಜೋರಾಗಿ ಇಡಬೇಕಾಗಿತ್ತು. "ಅಕ್ಕಾ, 'ನೀರು ಬೇಕು' ಅಂತ ಮಾವನ ಧ್ವನಿ ಕೇಳಿದ್ರೆ ಎದೆ ಝಲ್ ಅಂತದೆ. ನಂದು ಹಾಕ್ಕೊಟ್ಬಿಡಿ."

ಮೈಕು ತೆಗೆದುಕೊಂಡು ಹೋದೆ. ಗಂಗುಲಮ್ಮನ ಪಕ್ಕ ಕೂತು, ಧ್ವನಿ ಬದಲಾಯಿಸುತ್ತೇವೆ, ಇನ್ನು ಮಂಜುಳಾ ಮಾತಾಡುತ್ತಾಳೆ ಎಂದು ತಿಳಿಸಿದೆ. ಆಕೆ ನನ್ನನ್ನು ನೋಡಿದರು. ದಿಂಬಿನ ಪಕ್ಕದಲ್ಲಿ ಟವಲು ಇತ್ತು. ಎಡಗೈಯಿಂದ ಅದನ್ನು ಕಷ್ಟಪಟ್ಟು ಎಳೆದು ಟಚ್‌ಪ್ಯಾಡಿನ ಮೇಲೆ ತಂದುಕೊಂಡರು. ನಾನೂ ಮಂಜುಳಾಳೂ ಎದ್ದು ಹೊರಗೆ ಬಂದೆವು.

ಆಮೇಲೆ ಒಳಗಿನಿಂದ, ಗೋಡೆ ದಾಟಿ ನಮ್ಮ ಮನೆಗೆ ಬೀಳುತ್ತಿದ್ದ ಅದೇ ಗಂಟಲಿನಲ್ಲಿ:

"ಏಮೇ, ಒಂದ್ ಲೋಟ ಟೀ ಇಡ್ತೀಯಾ?"

ಟೀ ಈಗ ನಡುವಿನಲ್ಲಿಲ್ಲ. ಕೆಳಮೂಲೆಯಲ್ಲಿದೆ. ಬೆರಳು ಅಲ್ಲಿಯವರೆಗೆ ನಡೆದುಹೋಗಿ ನಿಲ್ಲಬೇಕು. ಬಾಣ ಮತ್ತೆ ನಡುವಿಗೆ ಬಂದಿರಬೇಕು, ಬೆರಳು ಮತ್ತೆ ಹೊರಟಿರಬೇಕು. ಅಷ್ಟು ಹೊತ್ತು ಬಿಟ್ಟು ಇನ್ನೊಮ್ಮೆ ಅದೇ ಕೇಳಿತು.

ಮಂಜುಳಾ ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ನಡೆದಳು. ಒಲೆ ಹಚ್ಚಿದ ಸದ್ದು, ಪಾತ್ರೆಗೆ ನೀರು ಸುರಿದ ಸದ್ದು.

"ಯಾರಿಗೆ ಮಂಜುಳಾ?" ಎಂದೆ.

"ಕೇಳ್ತಾವ್ರಲ್ಲ ಅಕ್ಕಾ."

ನಾನು ಮೈಕಿನ ವೈರನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡೆ.