ಡಿಕ್ಕಿಯ ಮೇಲೆ ಕೂತ ನವರಾತ್ರಿ

ಮೊನ್ನೆ ಆಯುಧಪೂಜೆಯ ದಿನ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನನ್ನ ಹೆಂಡತಿ ಕಾರನ್ನು ಮೆಲ್ಲಗೆ ಮುಂದೆ ಬಿಟ್ಟಳು. ನಾನು ಹಿಂದಿನ ಸೀಟಿನಲ್ಲಿದ್ದೆ. ಮುಂದೆ ಕೂತರೆ ಗಾಬರಿಗೆ ಇಲ್ಲದ ಬ್ರೇಕ್ ಒತ್ತುತ್ತಿರುತ್ತೇನೆಂದು ಅವಳು ನನ್ನನ್ನು ಹಿಂದಕ್ಕೆ ಕಳಿಸಿ ವರ್ಷಗಳಾದವು. ಚಕ್ರದಡಿ ನಿಂಬೆಹಣ್ಣು ಪಚಕ್ಕೆಂದಿತು. ಆ ಹುಳಿ ವಾಸನೆ ಅಲ್ಲಿನ ಗ್ರೀಸಿನ ವಾಸನೆಯ ಜೊತೆ ಬೆರೆತು ಮೂಗಿಗೆ ಬಡಿದದ್ದೇ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಡ್ರಿಲ್ ಮಿಸ್ಸಿನ ಕೈಗೂ ಇದೇ ವಾಸನೆ ಇರುತ್ತಿತ್ತು… ಗ್ರೀಸು ಹೋಗಲೆಂದು ಹಿಂಡಿದ ನಿಂಬೆ ಸಿಪ್ಪೆಯಲ್ಲಿ ಕೈ ತಿಕ್ಕಿಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಕೊನೆ ಇರಬೇಕು. ಜಯನಗರದ ಒಂದು ವಠಾರದಲ್ಲಿ ಬಾಡಿಗೆಗಿದ್ದೆ. ಬ್ಯಾಂಕಿನಲ್ಲಿ ಹೊಸ ಗುಮಾಸ್ತ, ಒಂಟಿ, ದಪ್ಪ. ಮೂರನೆಯ ವಿವರ ಮುಂದೆ ಬೇಕಾಗುತ್ತದೆ.

ಎದುರು ಮನೆಯಲ್ಲಿ ಅವರು. ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಕಲಿಸುತ್ತಿದ್ದರು, ಹಾಗಾಗಿ ಊರಿಗೆಲ್ಲ ಡ್ರಿಲ್ ಮಿಸ್. ಅಂಗಳದಲ್ಲಿ ಅವರದೊಂದು ಕಾರು: ಕೆಂಪು ಬಣ್ಣ, ಇಬ್ಬರೇ ಕೂರುವಂಥದ್ದು, ಫಾರಿನ್ನಿನದು. ರೇಸಿನ ಹುಚ್ಚಿದ್ದ ಅಣ್ಣ ತೀರಿಕೊಂಡಾಗ ಅವರಿಗೆ ಉಳಿದದ್ದು ಅದೊಂದೇ. ಅದರ ಹಿಂದಿನ ಶಾಕ್ ಅಬ್ಸಾರ್ಬರ್‌ಗಳು ಸತ್ತು, ಕದಲಿಸಿದರೆ ಬಾಲ ಕುಣಿದು ನೆಲ ಕೆರೆಯುತ್ತಿತ್ತು. ಮೆಕ್ಯಾನಿಕ್‌ಗಳು ನೋಡಿ ಕೈ ಮುಗಿದು ಹೋಗಿದ್ದರು.

ವಠಾರದ ಓನರ್ ಆ ಜಾಗದ ಮೇಲೆ ಕಣ್ಣಿಟ್ಟು ಆಗಲೇ ಇಟ್ಟಿಗೆ ತರಿಸಿದ್ದರು. “ಮೇಡಂ, ಹಬ್ಬ ಮುಗಿದ್ಮೇಲೆ ಇದನ್ನ ಗುಜರಿಗೆ ಹಾಕ್ಬಿಡಿ. ಎರಡು ರೂಮು ಎಬ್ಬಿಸ್ತೀನಿ.”

“ಆಯುಧಪೂಜೆ ದಿನ ಓಡಿದ್ರೆ?”

“ಬಾಲ ಎಳ್ಕೊಂಡು ಹೋಗೋದನ್ನ ಓಡೋದು ಅಂತಾರಾ? ನೆಟ್ಟಗೆ ಓಡಿದ್ರೆ ಇಟ್ಕೊಳ್ಳಿ, ನಂದೇನೂ ತಕರಾರಿಲ್ಲ.”

ಮಿಸ್ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೆಲ್ಲ ಅಲೆದು ಹಿಂದಿನ ಚಕ್ರಗಳಿಗೆ ಒಂದು ಜೊತೆ ಶಾಕ್ ಅಬ್ಸಾರ್ಬರ್ ತಂದರು. ಆದರೆ ಹಳೆಯದನ್ನು ಬಿಚ್ಚಬೇಕಾದರೆ ಅದರ ಸುತ್ತಲಿನ ದಪ್ಪ ಸ್ಪ್ರಿಂಗನ್ನು ಮೊದಲು ಅದುಮಿ ಹಿಡಿಯಬೇಕು. ಇಲ್ಲದಿದ್ದರೆ ಅದು ಸಿಡಿದು ಮುಖಕ್ಕೆ ಬರುತ್ತದೆ. ಅದುಮುವ ಸಾಧನ ನಮ್ಮ ಬಡಾವಣೆಯಲ್ಲಿ ಯಾರಲ್ಲೂ ಇರಲಿಲ್ಲ. ಇದ್ದದ್ದು ನವರಾತ್ರಿ.

ಸಂಜೆ ಮಿಸ್ಸಿನ ಮನೆಗೆ ಬೊಂಬೆ ನೋಡಲು ಬಂದ ಹೆಂಗಸರು ಕುಂಕುಮ, ಕಡಲೆ ಉಸಲಿ ತೆಗೆದುಕೊಂಡು ಹೊರಡುವಾಗ ಮಿಸ್ ಬಾಗಿಲಲ್ಲಿ ನಿಂತಿದ್ದರು. ಕೊರಳಲ್ಲಿ ಶಾಲೆಯ ವಿಶಲ್, ಕೈಯಲ್ಲಿ ಹಸು ಕಟ್ಟುವ ಸರಪಳಿ. ಜರಗನಹಳ್ಳಿಯಿಂದ ಹಾಲು ತರುವವರ ಹತ್ತಿರ ಕೇಳಿ ಇಸಿದುಕೊಂಡಿದ್ದರು.

“ಎಲ್ರೂ ಡಿಕ್ಕಿ ಮೇಲೆ ಕೂತ್ಕೊಳ್ಳಿ. ಭಾರಕ್ಕೆ ಸ್ಪ್ರಿಂಗು ಕುಗ್ಗುತ್ತೆ, ಆಗ ಸರಪಳಿ ಬಿಗಿದುಬಿಡ್ತೀನಿ. ಆಮೇಲೆ ನೀವು ಎದ್ರೂ ಅದು ಏಳಲ್ಲ. ನಮ್ಮಣ್ಣ ಮಾಡುವಾಗ ಭಾರಕ್ಕೆ ನಾನೇ ಕೂರ್ತಿದ್ದೆ. ಒಂದು ಊದಿದ್ರೆ ಕೂರಿ, ಎರಡು ಊದಿದ್ರೆ ಏಳಿ. ಮಧ್ಯೆ ಯಾರೂ ಅಲ್ಲಾಡಬಾರ್ದು.”

“ಬೊಂಬೆ ನೋಡಕ್ಕೆ ಬಂದ್ರೆ ನಮ್ಮನ್ನೇ ಬೊಂಬೆ ಮಾಡಿ ಕೂರಿಸ್ತೀರಲ್ಲ ಮಿಸ್,” ಎಂದರು ಒಬ್ಬರು. ಆದರೂ ಅರ್ಧ ಜನ ಅವರ ಹಳೆಯ ವಿದ್ಯಾರ್ಥಿನಿಯರು. ವಿಶಲ್ ಕೇಳಿದ್ದೇ ರೇಷ್ಮೆ ಸೀರೆ ಎತ್ತಿಕಟ್ಟಿ, ಡಿಕ್ಕಿಗೆ ಹಾಸಿದ್ದ ಜಮಖಾನದ ಮೇಲೆ ಸಾಲಾಗಿ ಕೂತರು. ಕಾರು ಕುಗ್ಗಿತು, ಆದರೆ ಸಾಲಲಿಲ್ಲ. ಮಿಸ್ ಸುತ್ತ ನೋಡಿದರು. ಅವರ ಕಣ್ಣು ಎದುರು ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಮೇಲೆ ನಿಂತಿತು.

“ಬನ್ನಿ ಸಾರ್. ನೀವಿದ್ರೆ ಆಗೋಗುತ್ತೆ.”

ಕೂತೆ. ಕಾರು ನಿಟ್ಟುಸಿರಿಟ್ಟು ಇಳಿಯಿತು. ಹೆಂಗಸರು ನಕ್ಕರು. ಮಿಸ್ ಚಕ್ರದ ಪಕ್ಕದ ಪುಟ್ಟ ಸಂದಿನಲ್ಲಿ ಮಲಗಿ ಭುಜದವರೆಗೂ ಒಳಗೆ ಸರಿದರು. ನನಗೋ, ಸೀನು ಬಂದರೆ ಏನು ಗತಿ ಎಂಬ ಚಿಂತೆ. ಚಿಂತೆ ಮಾಡಿದ್ದಕ್ಕೇ ಸೀನು ಬರುವಂತಾಯಿತು.

ಒಂದು ಬದಿ ಮುಗಿಯಿತು. ಇನ್ನೊಂದು ಬದಿಯಲ್ಲಿ ಸರಪಳಿ ಟಣ್ ಎಂದು ಜಾರಿತು. “ಅಯ್ಯಯ್ಯೋ, ಎದ್ದೇಳ್ರೇ,” ಎಂದು ಯಾರೋ ಅರ್ಧ ಎದ್ದರು. ಮಿಸ್ಸಿನ ಕೈ ಜಾರಿದ ಸರಪಳಿಗೂ ಸ್ಪ್ರಿಂಗಿಗೂ ನಡುವೆ ಇತ್ತು. ನಾವು ಎದ್ದರೆ ಸ್ಪ್ರಿಂಗು ಹಿಗ್ಗಿ…

ಕೆಳಗಿನಿಂದ ಒಂದೇ ವಿಶಲ್ ಬಂತು. ಉದ್ದಕ್ಕೆ, ಒಂದಿಷ್ಟೂ ನಡುಗದೆ. ಎದ್ದವರು ಕೂತರು. ಕೆಳಗೆ ಸರಪಳಿ ನಿಧಾನವಾಗಿ ಕೊಂಡಿ ಹುಡುಕುವ ಸದ್ದು. ತನ್ನ ಕೈಯನ್ನು ಅಷ್ಟೊಂದು ಜನರ ಕೆಳಗೆ ಇಟ್ಟು, ಅವರಲ್ಲಿ ನನ್ನಂಥವನೂ ಒಬ್ಬನಿದ್ದಾನೆಂದು ಗೊತ್ತಿದ್ದೂ, ಅಷ್ಟು ಸಾವಧಾನವಾಗಿ ಕೆಲಸ ಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ನನ್ನ ಸೀನು ಎಲ್ಲಿ ಹೋಯಿತೋ. ಆಮೇಲೆ ಎರಡು ವಿಶಲ್. ಎದ್ದೆವು. ಸ್ಪ್ರಿಂಗು ಏಳಲಿಲ್ಲ.

ಮಿಸ್ ಹೊರಬಂದು ಕೈ ನೋಡಿಕೊಂಡರು. “ಯಾರ್ರೀ ಎದ್ದಿದ್ದು? ಶಾಲೇಲಾಗಿದ್ರೆ ಗ್ರೌಂಡು ಸುತ್ತಿಸ್ತಿದ್ದೆ.”

ಕಾರನ್ನು ಜಾಕಿಯಲ್ಲಿ ಎತ್ತಿ, ಸೈಜುಗಲ್ಲಿಗೆ ಆನಿಸಿ, ಹೊಸದನ್ನು ಹಾಕಿದರು. ಮರುದಿನ ಸರಪಳಿ ಬಿಚ್ಚಲು ಮತ್ತೆ ಕೂತೆವು. ಈ ಸಲ ಬೊಂಬೆ ನೆವಕ್ಕಷ್ಟೇ. ಪಕ್ಕದ ರಸ್ತೆಯವರೂ ಕೂರಲೆಂದೇ ಬಂದಿದ್ದರು.

ಆಯುಧಪೂಜೆಯ ದಿನ ಕಾರು ಬಾಲವೆತ್ತಿ ನಿಂಬೆಹಣ್ಣಿನ ಮೇಲೆ ಹಾದು, ನೀರಿನ ಪೈಪಿಗೆಂದು ರಸ್ತೆಗೆ ಅಡ್ಡ ಅಗೆದಿದ್ದ ಹಳ್ಳ ದಾಟಿ, ತಿರುವಿನಲ್ಲಿ ಮರೆಯಾಗಿ, ಗುರುಗುಟ್ಟುತ್ತ ವಾಪಸ್ಸು ಬಂತು. ಓನರ್ ಬಗ್ಗಿ ಕಾರಿನ ಬಾಲ ನೋಡಿದರು. ಆಮೇಲೆ, “ಮೇಡಂ, ಇಟ್ಟಿಗೆ ಅಡ್ಡ ಆಗುತ್ತಾ? ತೆಗೆಸ್ತೀನಿ,” ಎಂದರು.

ಆಮೇಲೆ ನನಗೆ ವರ್ಗವಾಯಿತು. ಮಿಸ್ ತೀರಿಕೊಂಡ ಸುದ್ದಿ ತುಂಬ ತಡವಾಗಿ ತಿಳಿಯಿತು. ಆ ಕಾರು ಎಲ್ಲಿಗೆ ಹೋಯಿತೋ… ಕೇಳಲು ಅಲ್ಲಿ ವಠಾರವೂ ಉಳಿದಿಲ್ಲ.

ಮೊನ್ನೆ ಒಂದು ಸುತ್ತು ಹಾಕಿಬಂದು ಹೆಂಡತಿ ಎಂಜಿನ್ ಆರಿಸಿದಳು. ನನ್ನ ಭಾರಕ್ಕೆ ಕಾರಿನ ಹಿಂಭಾಗ ತುಸು ಕುಗ್ಗಿಯೇ ಇತ್ತು.

“ಇಳೀರಿ, ಮನೆ ಬಂತು.”

“ಇರು,” ಎಂದೆ.

“ಯಾಕೆ?”

ಏಳಬೇಕಾದರೆ ಎರಡು ಊದಬೇಕಿತ್ತು. ಊದುವವರು ಇಲ್ಲ.