ಮೊದಲು ನೀರು, ಆಮೇಲೆ ಹೆಸರು

ಕೂಲರಿಗೆ ಹೊಸ ಲಾವಂಚದ ತಟ್ಟಿ ಹಾಕಿಸಿ ಮೊದಲ ಸಲ ನೀರು ಬಿಟ್ಟಾಗ ಮನೆಯೆಲ್ಲ ಒಂದು ವಾಸನೆ ಹರಡುತ್ತದೆ. ನಾಗಪುರದಲ್ಲಿ ಒಂದು ಬೇಸಿಗೆ ಕಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಕಳೆಯದವರಿಗೆ ವಿವರಿಸಿ ಉಪಯೋಗವಿಲ್ಲ. ಈ ಸಲ ಲಕ್ಷ್ಮೀ ನಗರದ ನಮ್ಮ ಮನೆಗೆ ತಟ್ಟಿ ಹಾಕಲು ಬಂದವನು ಕೆಲಸ ಮುಗಿಸಿ, ಚಹಾ ಕುಡಿದು, ಎರಡು ದಿನದಲ್ಲಿ ವಾಸನೆ ಹೋಗುತ್ತದೆ ಎಂದು ಹೇಳಿ ಹೊರಟ. ನಾನು ಮಾತ್ರ ಕೂಲರಿನ ಎದುರು ಸುಮ್ಮನೆ ಕೂತುಬಿಟ್ಟೆ. ನನಗೆ ಸಿಸ್ಟರ್ ನೆನಪಾಗಿದ್ದರು.

ಆಗ ನಾನು ಹಳೆ ನಾಗಪುರದ ಮಹಾಲ್ ಪೇಟೆಯ ಒಂದು ಗಲ್ಲಿಯೊಳಗಿನ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಗುಮಾಸ್ತೆಯಾಗಿದ್ದೆ. ಬಾಗಿಲಿನ ಪಕ್ಕದ ಕಿಟಕಿಯ ಹಿಂದೆ ಕೂತು ಕೇಸ್ ಪೇಪರ್ ಮಾಡುವುದು ನನ್ನ ಕೆಲಸ. ಹೆಸರು, ವಯಸ್ಸು, ವಿಳಾಸ, ಮೊಬೈಲ್ ನಂಬರ್, ಮೇಲಿನ ಮೂಲೆಯಲ್ಲಿ ಬಂದ ಸಮಯ. ಆ ಚೀಟಿ ಇಲ್ಲದೆ ಒಳಗೆ ಯಾರೂ ಯಾರನ್ನೂ ಮುಟ್ಟುತ್ತಿರಲಿಲ್ಲ. ಇಪ್ಪತ್ತು ವರ್ಷ ಅದನ್ನೇ ಮಾಡಿದೆ. ಚೆನ್ನಾಗಿಯೇ ಮಾಡಿದೆ, ಯಾಕೆ ಸಂಕೋಚ ಪಡಲಿ? ನನ್ನ ಅಕ್ಷರ ಮುತ್ತು ಪೋಣಿಸಿದಂತೆ ಎಂದು ಡಾಕ್ಟರೇ ಹೇಳುತ್ತಿದ್ದರು.

ಸಿಸ್ಟರ್ ಬಂದದ್ದು ಕೊರೊನಾದ ಆ ಎರಡು ವರ್ಷ ಮುಗಿದ ಮೇಲೆ. ಅಷ್ಟೂ ದಿನ ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದು ಬಂದವರು. ಇಂಥದ್ದು ಮತ್ತೊಂದು ಬಂದರೆ ಕೇಂದ್ರಗಳು ಸಿದ್ಧವಿರಬೇಕು ಎಂದು ಮೇಲಿನವರಿಗೆ ಆಗ ಜ್ಞಾನೋದಯವಾಗಿತ್ತು. ನಮ್ಮಂಥ ಕೆಲವು ಕೇಂದ್ರಗಳಿಗೆ ತುರ್ತು ತಯಾರಿಗೆಂದೇ ಒಬ್ಬೊಬ್ಬ ನರ್ಸನ್ನು ಕೊಟ್ಟರು. ಹನ್ನೊಂದು ತಿಂಗಳ ಗುತ್ತಿಗೆ. ಅದು ಮುಗಿದ ಮೇಲೆ ಎರಡು ದಿನ ಮನೆಯಲ್ಲಿ ಕೂರಿಸಿ, ಮತ್ತೆ ಹೊಸದಾಗಿ ಸೇರಿಸಿಕೊಳ್ಳುವುದು. ಸಿಸ್ಟರ್ ಅದಕ್ಕೆ ಬೇಸರಪಟ್ಟದ್ದನ್ನು ನಾನು ಕಾಣಲಿಲ್ಲ.

ಮೊದಲ ದಿನ ಅವರು ನನ್ನ ಕಿಟಕಿಯ ಮೇಲಿನ ಕನ್ನಡ ಕ್ಯಾಲೆಂಡರ್ ನೋಡಿ ನಿಂತುಬಿಟ್ಟರು.

"ಯವ್ವಾ, ಇದು ನಮ್ದಲ್ಲಾ? ಓದಾಕ ಬರೂದಿಲ್ರಿ ನನಗ. ಮಾತು ಅಷ್ಟ ಅಪ್ಪಂದು, ಬಾಕಿ ಎಲ್ಲಾ ಕಾಮಠೀದು."

ತಂದೆ ಬೆಳಗಾವಿ ಕಡೆಯವರು, ಸೈನ್ಯದಲ್ಲಿದ್ದರು. ಮಗಳು ಹುಟ್ಟಿ ಬೆಳೆದದ್ದು ನಾಗಪುರದ ಪಕ್ಕದ ಕಾಮಠಿಯ ಸೈನಿಕರ ವಸತಿಯಲ್ಲಿ. ಮದುವೆಯಾಗಿರಲಿಲ್ಲ, ಅಣ್ಣನ ಸಂಸಾರದ ಜೊತೆ ಅಲ್ಲೇ ಇದ್ದರು. ಕುಳ್ಳಗಿನ ಆಳು. ನಡಿಗೆ ಮಾತ್ರ ಕವಾಯತಿನದು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಕ್ಯಾಲೆಂಡರಿನ ಒಂದೊಂದು ಅಕ್ಷರ ತೋರಿಸಿ ಇದೇನು, ಅದೇನು ಎಂದು ಕೇಳುತ್ತಿದ್ದರು. ಎಷ್ಟು ಕಲಿತರೋ... ಈಗ ನೆನಪಿಲ್ಲ.

ಹೋಳಿ ಮುಗಿದ ಮರುವಾರದಿಂದ ಅವರ ಆಟ ಶುರು. ನಾವು ಅದನ್ನು ನಾಟಕ ಎನ್ನುತ್ತಿದ್ದೆವು. ಮುನ್ಸೂಚನೆ ಏನೂ ಇಲ್ಲ. ಇದ್ದಕ್ಕಿದ್ದಂತೆ ನಮ್ಮಲ್ಲೇ ಯಾರಾದರೊಬ್ಬರು ಬಾಗಿಲಲ್ಲಿ ಧೊಪ್ಪನೆ ಬೀಳಬೇಕು, ಬಿಸಿಲು ಬಡಿದ ರೋಗಿಯಂತೆ. ಹೆಚ್ಚಾಗಿ ಬೀಳುತ್ತಿದ್ದವಳು ನಮ್ಮ ಆಯಾ. ಅವಳನ್ನು ಎಲ್ಲರೂ ಮಾವಶಿ ಎನ್ನುತ್ತಿದ್ದರು. ಅವಳಿಗೆ ಆ ಪಾತ್ರ ಬಹಳ ಇಷ್ಟ, ಬಿದ್ದ ಕೂಡಲೇ ಹಾಯ್ ಹಾಯ್ ಎಂದು ನರಳಲು ಹಿಡಿಯುತ್ತಿದ್ದಳು. ಎಚ್ಚರ ತಪ್ಪಿದವರು ನರಳುವುದಿಲ್ಲ, ಬಾಯಿ ಮುಚ್ಚಿಕೊಂಡು ಬೀಳು ಎಂದು ಸಿಸ್ಟರ್ ಮರಾಠಿಯಲ್ಲಿ ಗದರುತ್ತಿದ್ದರು. ಬಿದ್ದವಳನ್ನು ಎತ್ತಿ ಒಳಗಿನ ತಂಪು ಕೋಣೆಗೆ ಒಯ್ದು, ಬಟ್ಟೆ ಸಡಿಲಿಸಿ, ಒದ್ದೆ ಚಾದರ ಹೊದೆಸಿ, ಕುತ್ತಿಗೆಗೆ ಕಂಕುಳಿಗೆ ಮಂಜುಗಡ್ಡೆ ತುಂಬಿದ ಬರ್ಫದ ಚೀಲ ಇಟ್ಟು, ಫ್ಯಾನ್ ತಿರುಗಿಸಬೇಕು. ಬಾಗಿಲಿನಿಂದ ಬರ್ಫದವರೆಗೆ ಐದು ನಿಮಿಷ. ಸಿಸ್ಟರ್ ಕೈಗಡಿಯಾರ ಹಿಡಿದು ನಿಲ್ಲುತ್ತಿದ್ದರು. ತಂಪು ಕೋಣೆ ಎಂದರೆ ಏಸಿ ಇತ್ತೆಂದು ತಿಳಿಯಬೇಡಿ, ಅದು ಕಾಗದದ ಮೇಲೆ ಮಾತ್ರ ಇತ್ತು. ಸಿಸ್ಟರೇ ಎಲ್ಲಿಂದಲೋ ಲಾವಂಚದ ತಟ್ಟಿ ತಂದು ಕಿಟಕಿಗಳಿಗೆ ಕಟ್ಟಿ, ದಿನಕ್ಕೆ ನಾಲ್ಕು ಸಲ ನೀರು ಹೊಡೆಸುತ್ತಿದ್ದರು.

ಈ ನಾಟಕದಲ್ಲಿ ನನಗೂ ಒಂದು ಪಾತ್ರ. ಪೆನ್ನು ಕೆಳಗಿಟ್ಟು ಏಳಬೇಕು, ಬಾಗಿಲ ಬಳಿಯ ಬರ್ಫದ ಪೆಟ್ಟಿಗೆ ಎತ್ತಿಕೊಂಡು ಒಳಗೆ ಓಡಬೇಕು. ಕೇಸ್ ಪೇಪರ್ ಆಮೇಲೆ. ಮೊದಲ ಸಲ ಮಾವಶಿ ಬಿದ್ದಾಗ ನಾನು ಕಿಟಕಿಯಿಂದ ಬಗ್ಗಿ, "ನಾಂವ್ ಕಾಯ್?" ಎಂದು ಕೇಳಿದೆ. ಹದಿನೈದು ವರ್ಷದಿಂದ ಜೊತೆಯಲ್ಲಿ ಕೆಲಸ ಮಾಡಿದವಳ ಹೆಸರು! ಡಾಕ್ಟರು ಸಹ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಿಸ್ಟರ್ ನಗಲಿಲ್ಲ. "ಬಾಯಾರ, ಪೆನ್ನ ಕೆಳಗ ಇಡ್ರಿ. ಮೊದಲ ನೀರು, ಆಮ್ಯಾಲ ಹೆಸರು."

ನನಗೆ ಮೈಯೆಲ್ಲ ಉರಿದುಹೋಯಿತು. "ನಾನು ಕ್ಲರ್ಕ್ ಅದೀನ್ರಿ, ಹಮಾಲಿ ಮಾಡಾಕಿ ಅಲ್ಲ," ಎಂದೆ.

"ಖರೇ ಐತ್ರಿ. ಆದ್ರ ಬಾಗಲಾ ಎಲ್ಲಾರಕಿಂತ ಮೊದಲ ಕಾಣೂದು ನಿಮಗ. ಡಾಕ್ಟರ್‌ಗಲ್ಲ, ನನಗಲ್ಲ. ನೀವು ಎದ್ರ ಎಲ್ಲಾರೂ ಏಳ್ತಾರ. ನೀವು ಬರಕೋತ ಕುಂತ್ರ ಎಲ್ಲಾರೂ ಚಿಟ್ಠಿ ದಾರಿ ನೋಡ್ತಾರ."

ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವರೇ ಡಬ್ಬಿ ಹಿಡಿದು ಬಂದು ಪಕ್ಕದಲ್ಲಿ ಕೂತರು, ಏನೂ ಆಗಿಲ್ಲವೆಂಬಂತೆ. ಅಂಥವರ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಕಷ್ಟ.

ಮೊದಲ ವರ್ಷ ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಮರುವರ್ಷ ಏಳಕ್ಕೆ ಬಂತು, ಒಂದೆರಡು ಸಲ ಐದೂ ಆಯಿತು. ಆ ಬೇಸಿಗೆ ನಿಜವಾದ ರೋಗಿಗಳೂ ಬಂದರು, ಎಲ್ಲರೂ ಉಳಿದುಕೊಂಡರು. ಆದರೂ ಸಿಸ್ಟರಿಗೆ ಸಮಾಧಾನವಿರಲಿಲ್ಲ. ಕಾವಲುಗಾರ ಏಜೆನ್ಸಿಯವನು, ಮೂರು ತಿಂಗಳಿಗೊಬ್ಬ ಬದಲಾಗುತ್ತಿದ್ದ. ನರ್ಸುಗಳೂ ಹಾಗೇ. ಕಲಿತವರು ಹೋಗುತ್ತಿದ್ದರು, ಬಂದವರಿಗೆ ಮತ್ತೆ ಮೊದಲಿನಿಂದ ಕಲಿಸಬೇಕು.

ಆ ಚಳಿಗಾಲದಲ್ಲಿ ಮೇಲಿನಿಂದ ಒಂದು ಫಾರಂ ಬಂತು. ತುರ್ತು ಪರಿಸ್ಥಿತಿಗೆ ಸಿಬ್ಬಂದಿಯ ತಯಾರಿ ಪೂರ್ಣವೋ, ಭಾಗಶಃವೋ, ಇಲ್ಲವೋ, ಗುರುತು ಹಾಕಿ ಎಂದು.

"ಅರ್ಧಾ ಅಂತ ಬರೀರಿ," ಎಂದರು ಸಿಸ್ಟರ್. "ಅರ್ಧಾನ ಐತಿ."

ಹೂಂ ಎಂದೆ. ಆದರೆ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ಕೈ ಅದು. ಭಾಗಶಃ ಎಂದು ಬರೆದರೆ ಯಾಕೆ ಎಂದು ಕೇಳುತ್ತಾರೆ, ವಿವರಣೆ ಕೇಳುತ್ತಾರೆ, ಡಾಕ್ಟರಿಗೆ ಕಿರಿಕಿರಿ, ನನಗೆ ಕಿರಿಕಿರಿ. ನಮ್ಮ ಕೇಂದ್ರದ ಮರ್ಯಾದೆ ನಾವೇ ಯಾಕೆ ತೆಗೆಯಬೇಕು ಎಂದುಕೊಂಡು ಪೂರ್ಣ ಎಂಬಲ್ಲಿ ಗುರುತು ಹಾಕಿದೆ. ಅದರ ಕೆಳಗೆ, ಯಾರೂ ಕೇಳದಿದ್ದರೂ, ಎಲ್ಲ ಸಿಬ್ಬಂದಿಯೂ ಸಂಪೂರ್ಣ ತರಬೇತಿ ಪಡೆದಿದ್ದಾರೆ ಎಂದು ಮುತ್ತಿನ ಅಕ್ಷರದಲ್ಲಿ ಬರೆದೆ. ಡಾಕ್ಟರು ಓದದೆ ಸಹಿ ಮಾಡಿದರು.

ತಿಂಗಳೊಳಗೆ ಉತ್ತರ ಬಂತು. ಎಲ್ಲ ಸಿಬ್ಬಂದಿಯೂ ಸಂಪೂರ್ಣ ತರಬೇತಿ ಪಡೆದಿರುವುದರಿಂದ ತುರ್ತು ತಯಾರಿ ನರ್ಸಿನ ಗುತ್ತಿಗೆಯನ್ನು ಮುಂದುವರಿಸುವ ಅಗತ್ಯವಿಲ್ಲ ಎಂದಿತ್ತು. ನನ್ನದೇ ವಾಕ್ಯ. ಯಾರಿಗೂ ಹೇಳಲಿಲ್ಲ.

ಸಿಸ್ಟರ್ ಆ ಪತ್ರವನ್ನು ನಗುತ್ತಲೇ ತೆಗೆದುಕೊಂಡರು. ಫಾರಂ ಯಾರು ತುಂಬಿದರು ಎಂದು ಕೇಳಲೂ ಇಲ್ಲ. ಹೋಗುವ ದಿನ ಬರ್ಫದ ಪೆಟ್ಟಿಗೆಗೆ ಬೀಗ ಹಾಕಬೇಡಿ ಎಂದು ಮೂರು ಸಲ ಹೇಳಿದರು. ಆಮೇಲೆ ನನ್ನ ಕಿಟಕಿಗೆ ಬಂದರು.

"ಒಂದ ಕೆಲಸಾ ಮಾಡ್ರಿ. ನಾ ಇಲ್ಲಿ ಬೇಕು ಅಂತ ಡಾಕ್ಟರ್ ಸಾಹೇಬರ ಸಹಿ ಇರೂ ಒಂದ ಚಿಟ್ಠಿ ಮಾಡಿಸಿ ಕಳಸ್ರಿ. ಅದು ಸಿಕ್ರ ಮತ್ತ ಅರ್ಜಿ ಹಾಕ್ತೀನಿ. ನನಗ ಬ್ಯಾರೆ ಕೆಲಸಾ ಸಿಗತೈತ್ರಿ, ಅದರ ಫಿಕರ್ ಇಲ್ಲ. ಇಲ್ಲಿ ಅರ್ಧಕ್ಕ ಬಿಟ್ಟಂಗ ಆಗತೈತಿ."

ಜಲ್ದಿ ಮಾಡಿಸಿ ಕಳಿಸುತ್ತೇನೆ ಎಂದೆ. ಮಾಡಿಸಲಿಲ್ಲ. ಅವರು ಬೇಕು ಎಂದು ಬರೆದರೆ, ಫಾರಂನಲ್ಲಿ ಬರೆದದ್ದು ಸುಳ್ಳು ಎಂದು ನಾನೇ ಒಪ್ಪಿಕೊಂಡಂತೆ. ನಾಳೆ ನಾಡಿದ್ದು ಎನ್ನುತ್ತ ಹೋಳಿ ಬಂತು, ಹೋಯಿತು. ಆ ವರ್ಷ ಬಾಗಿಲಲ್ಲಿ ಯಾರೂ ಬೀಳಲಿಲ್ಲ. ತರಬೇತಿ ಮೊಬೈಲಿನಲ್ಲೇ ಆಯಿತು, ಎಲ್ಲರಿಗೂ ಪ್ರಮಾಣಪತ್ರ ಬಂತು. ಬರ್ಫದ ಪೆಟ್ಟಿಗೆ ಕಳುವಾದೀತೆಂದು ದಾಸ್ತಾನು ಕೋಣೆಯ ಫ್ರಿಜ್ಜಿನ ಪಕ್ಕಕ್ಕೆ ಸೇರಿತು.

ಮೇ ತಿಂಗಳ ಒಂದು ಮಧ್ಯಾಹ್ನ. ಡಾಕ್ಟರು ಮುಖ್ಯ ಕಚೇರಿಯ ಮೀಟಿಂಗಿಗೆ ಹೋಗಿದ್ದರು, ಮಾವಶಿಗೆ ಬೇರೆ ಕಡೆ ಡ್ಯೂಟಿ. ಒಳಗೆ ಹೊಸ ನರ್ಸು, ಹೊರಗೆ ಹೊಸ ಕಾವಲುಗಾರ. ಒಂದು ಆಟೋ ಬಂದು ನಿಂತಿತು. ಅದರಿಂದ ಒಬ್ಬ ಗಾರೆ ಕೆಲಸದವನನ್ನು ಇಳಿಸಿದರು. ಮೈ ಒಣಗಿ ಕೆಂಪಾಗಿತ್ತು, ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಜೊತೆಗೆ ಹೆಂಡತಿ, ಕೈಗೆಲ್ಲ ಸಿಮೆಂಟು. ಅವನನ್ನು ಬಾಗಿಲ ಬಳಿಯ ಬೆಂಚಿನ ಮೇಲೆ ಮಲಗಿಸಿ ಅವಳು ಕಿಟಕಿಗೆ ಬಂದಳು.

ನಾನು ಗೋಡೆಯ ಗಡಿಯಾರ ನೋಡಿ ಸಮಯ ಬರೆದೆ. ಆಮೇಲೆ ಹೆಸರು ಕೇಳಿದೆ.

ಆ ಹೆಂಗಸು ಒಂದೊಂದಕ್ಕೂ ಎಷ್ಟು ಜಾಗರೂಕತೆಯಿಂದ ಉತ್ತರ ಕೊಟ್ಟಳೆಂದರೆ... ಒಂದು ತಪ್ಪು ಹೇಳಿದರೆ ಗಂಡನಿಗೆ ಔಷಧ ಸಿಗುವುದಿಲ್ಲವೇನೋ ಎಂಬಂತೆ. ಗಂಡನ ಹೆಸರು, ಅವನ ತಂದೆಯ ಹೆಸರು, ವಯಸ್ಸು. ಊರಿನದು ಹೇಳಲೋ ಇಲ್ಲಿಯದೋ ಎಂದು ವಿಳಾಸಕ್ಕೆ ತಡವರಿಸಿದಳು. ಮೊಬೈಲ್ ನಂಬರು ಬಾಯಿಪಾಠ ಇರಲಿಲ್ಲ, ಗಂಡನ ಜೇಬಿನಿಂದ ಫೋನ್ ತೆಗೆದು ತಂದು ತೋರಿಸಿದಳು. ನಾನು ಅದನ್ನೂ ನೋಡಿ ಬರೆದುಕೊಂಡೆ. ನರ್ಸು ಒಳಬಾಗಿಲಲ್ಲಿ ನಿಂತು ಚೀಟಿಗಾಗಿ ಕಾಯುತ್ತಿದ್ದಳು. ಚೀಟಿ ಕೈಗೆ ಕೊಟ್ಟಾಗ ಅವಳು ಬರ್ಫ ಎಲ್ಲಿ ಎಂದಳು. ಆಗ ನನಗೆ ಎಚ್ಚರವಾಯಿತು. ಅಯ್ಯೋ ಶಿವನೇ ಎಂದು ಎದ್ದೆ, ಓಡಿದೆ. ದಾಸ್ತಾನು ಕೋಣೆಗೆ ಬೀಗ. ಬೀಗದಕೈ ಹುಡುಕಿ ತೆಗೆದು ಬರ್ಫ ತುಂಬಿಕೊಳ್ಳುವಷ್ಟರಲ್ಲಿ ಮತ್ತಷ್ಟು ಹೊತ್ತು. ಅಲ್ಲಿಂದ ಮುಂದೆ ನನ್ನ ಕೈ ತಾನೇ ಕೆಲಸ ಮಾಡಿತು, ಚಾದರ, ಕುತ್ತಿಗೆ, ಕಂಕುಳು, ಫ್ಯಾನು. ಎಲ್ಲವೂ ಬರೋಬರ್. ಸಿಸ್ಟರ್ ಕಲಿಸಿದ್ದು ಒಂದೂ ಮರೆತಿರಲಿಲ್ಲ, ಮೊದಲನೆಯದೊಂದನ್ನು ಬಿಟ್ಟು.

ಆಂಬುಲೆನ್ಸ್ ಬಂದು ದೊಡ್ಡ ಆಸ್ಪತ್ರೆಗೆ ಒಯ್ದಿತು. ಎರಡು ದಿನದ ಮೇಲೆ ಅವನು ತೀರಿಕೊಂಡನೆಂದು ತಿಳಿಯಿತು. ನಾನು ಬರೆದ ಸಮಯವನ್ನೂ, ಬರ್ಫ ಇಟ್ಟಾಗ ನರ್ಸು ಬರೆದ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹತ್ತೊಂಬತ್ತು ನಿಮಿಷ. ಬೇಗ ಮಾಡಿದ್ದರೆ ಉಳಿಯುತ್ತಿದ್ದನೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಕೇಸ್ ಪೇಪರಿನಲ್ಲಿ ಒಂದೂ ತಪ್ಪಿರಲಿಲ್ಲವಲ್ಲ.

ಆಗ ಬರೆದೆ ಆ ಪತ್ರ. ಈ ಕೇಂದ್ರಕ್ಕೆ ಸಿಸ್ಟರ್ ಬೇಕು, ನಾವು ಸಿದ್ಧವಿಲ್ಲ ಎಂದು. ಡಾಕ್ಟರು ಈ ಸಲ ಓದಿ, ನನ್ನ ಮುಖ ನೋಡಿ ಸಹಿ ಮಾಡಿದರು. ರವಿವಾರ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಕಾಮಠಿಗೆ ಹೋದೆ.

ಸಿಸ್ಟರ್ ಬಾಗಿಲಲ್ಲೇ ಕೈ ಹಿಡಿದುಕೊಂಡರು. "ಬರ್ರಿ ಬರ್ರಿ, ಇವತ್ತ ಹೆಂಗ ದಾರಿ ತಪ್ಪಿ ಬಂದ್ರಿ?" ಎಂದು ಚೇಷ್ಟೆ ಮಾಡಿದರು. ನೀರು ಕೊಟ್ಟರು. ಕಳಮೇಶ್ವರದ ಒಂದು ಕಾರ್ಖಾನೆಯಲ್ಲಿ ಪ್ರಥಮ ಚಿಕಿತ್ಸೆಯ ಕೋಣೆಗೆ ಕರೆದಿದ್ದಾರೆ, ಇನ್ನೂ ಹೂಂ ಅಂದಿಲ್ಲ, ನಿಮ್ಮ ಚೀಟಿಯ ದಾರಿ ನೋಡುತ್ತಿದ್ದೇನೆ ಎಂದರು. ನಾನು ಹೇಗೋ ಬಾಯಿ ತೆರೆದೆ.

"ಹೋದ ವಾರ ಒಬ್ಬಾಂವ ಬಂದಿದ್ದ ನೋಡ್ರಿ. ಬಿಸಲ ಬಡದಿತ್ತು..."

ಸಿಸ್ಟರ್ ನೆಟ್ಟಗೆ ಕೂತರು. "ಎಷ್ಟ ಮಿನಿಟ್?"

ಬೇರೇನನ್ನೂ ಕೇಳಲಿಲ್ಲ. ಯಾರು, ಏನಾದ, ಊಹೂಂ. ಅವರ ಕಣ್ಣಲ್ಲಿ ಅಷ್ಟು ಆಸೆ ಇತ್ತು. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. "ಐದು," ಎಂದೆ.

ಅವರು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು. ಒಳಗಿದ್ದ ಅಣ್ಣನ ಹೆಂಡತಿಯನ್ನು ಕೂಗಿ ಹಿಂದಿಯಲ್ಲಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾರ ಚಿಟ್ಠಿ ಬ್ಯಾಡ್ರಿ. ನಾ ಇಲ್ದನೂ ಐದು ಆತಲ್ಲಾ, ಮತ್ತೇನ ಬೇಕು?" ಎಂದರು. ನಾಳೆಯೇ ಕಳಮೇಶ್ವರದವರಿಗೆ ಬರುತ್ತೇನೆಂದು ಹೇಳಿಬಿಡುತ್ತೇನೆ ಎಂದರು. ಪತ್ರ ನನ್ನ ಬ್ಯಾಗಿನಲ್ಲೇ ಇತ್ತು. ಚಹಾ ಕುಡಿದೆ, ಚಿವಡಾ ತಿಂದೆ, ಬಸ್ಸು ಹತ್ತಿದೆ.

ಹೋದ ಚಳಿಗಾಲದಲ್ಲಿ ಮಾವಶಿ ಫೋನ್ ಮಾಡಿ ಸಿಸ್ಟರ್ ಹೋದರು ಎಂದಳು. ಹೃದಯ ನಿಂತಿತಂತೆ, ಆಸ್ಪತ್ರೆಗೆ ಒಯ್ಯುವಷ್ಟು ಸಮಯವೂ ಸಿಗಲಿಲ್ಲವಂತೆ. ಹದಿಮೂರನೆಯ ದಿನ ಹೋಗಿ ಬಂದೆ. ಅಣ್ಣನ ಮಗಳು ನನ್ನನ್ನು ಗುರುತಿಸಿದಳು. "ಖಿಡಕೀ ವಾಲೀ ಆಂಟಿ ನೀವಽ ಅಲ್ಲಾ? ಅತ್ತಿ ಎಲ್ಲಾರಿಗೂ ಹೇಳ್ತಿದ್ಲು. ನಾ ಬಿಟ್ಟ ಮ್ಯಾಲೂ ನಮ್ಮ ಮಂದಿ ಪಾಂಚ್ ಮಿನಿಟ್‌ನಾಗ ಮಾಡಿದ್ರು ಅಂತ. ಖರೇನಾ?"

ಖರೇ ಎಂದೆ.

ಆ ಗಾರೆಯವನು ತೀರಿಕೊಂಡ ವರ್ಷವೇ ನಾನು ನಿವೃತ್ತಳಾದೆ. ಹೊರಗೆ ಬಿಸಿಲು ನಲವತ್ತೈದು ದಾಟಿದೆ. ಕೇಂದ್ರಕ್ಕೆ ಆ ಹುದ್ದೆ ಮತ್ತೆ ಬರಲಿಲ್ಲ. ಅಂದು ಕಾಮಠಿಯಲ್ಲಿ ನಿಜ ಹೇಳಿದ್ದರೆ ಸಿಸ್ಟರ್ ನನ್ನ ಮುಖಕ್ಕೆ ಮಂಗಳಾರತಿ ಎತ್ತುತ್ತಿದ್ದರು, ಮರುದಿನ ಬೆಳಿಗ್ಗೆ ಅರ್ಜಿ ಹಿಡಿದು ಬಂದು ಕೂರುತ್ತಿದ್ದರು, ಅಷ್ಟು ನನಗೆ ಗೊತ್ತು. ಆಮೇಲೆ ಕೇಂದ್ರದಲ್ಲಿ ಅವರಿಲ್ಲದೆ ಮತ್ತೊಂದು ಬೇಸಿಗೆ ಹೋಯಿತು, ಈಗ ಇನ್ನೊಂದು ನಡೆದಿದೆ. ಆ ಬಾಗಿಲಿಗೆ ಯಾರ‍್ಯಾರು ಬಂದರೋ, ಬೆಂಚಿನ ಮೇಲೆ ಎಷ್ಟೆಷ್ಟು ಹೊತ್ತು ಮಲಗಿ ಕಾದರೋ, ನನಗೆ ಗೊತ್ತಿಲ್ಲ.