ನಡುವೆ ಹೋದ ಚೆಂಡು

ನಮ್ಮ ಅತ್ತೆ, ಎಂದರೆ ಅಪ್ಪನ ಅಕ್ಕ, ಒಂದೇ ಒಂದು ಜಗಳವನ್ನು ಐವತ್ತು ವರ್ಷ ಜೋಪಾನ ಮಾಡಿಕೊಂಡು ಬಂದವಳು. ಮಿಕ್ಕ ಜಗಳಗಳೆಲ್ಲ ಅವಳಿಗೆ ಸಂಜೆಯೊಳಗೆ ಮರೆತುಹೋಗುತ್ತಿದ್ದವು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಫ್ರೇಮಿಗೆ ಸರಿಯಾಗಿ ಗಾಜಿನ ಅಂಚು ಉಜ್ಜುವುದು ಅವಳ ಕೆಲಸ. ಮಾಲೀಕ ರೇಗಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ಮದುವೆ ಮಾಡಿಕೊಳ್ಳಲಿಲ್ಲ ಎಂದು ನಮ್ಮ ಮನೆಯವರು ಆಡಿಕೊಂಡದ್ದಕ್ಕೂ ಅಷ್ಟೇ ಮರ್ಯಾದೆ. ಎಡಚಿಯ ಜೊತೆಗಿನ ಜಗಳವೊಂದನ್ನು ಮಾತ್ರ ಬಿಟ್ಟುಕೊಟ್ಟವಳಲ್ಲ.

ಎಡಚಿ ಎಂದರೆ ಅತ್ತೆಯ ಕಾಲೇಜಿನ ಗೆಳತಿ. ಆಟ, ಬರಹ, ಊಟ ಎಲ್ಲವೂ ಎಡಗೈಯಲ್ಲೇ. ಮುಂದೆ ಟೈಲರ್ ಅಂಗಡಿ ಇಟ್ಟಾಗ ಎಡಗೈಯವರ ಕತ್ತರಿಯೊಂದನ್ನು ಎಲ್ಲಿಂದಲೋ ತರಿಸಿಕೊಂಡಳು. ಬೇರೆ ಯಾರು ಹಿಡಿದರೂ ಅದು ಬಟ್ಟೆಯನ್ನು ಕತ್ತರಿಸುವ ಬದಲು ಅಗಿಯುತ್ತಿತ್ತು. ಅವಳನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಯೇ ಇಲ್ಲ. ಕಟ್ಟಿಕೊಂಡ ಗಂಡನೂ ಎಡಚೀ ಎಂದೇ ಕೂಗುತ್ತಿದ್ದ, ಪುಣ್ಯಾತ್ಮ.

ಇವರಿಬ್ಬರೂ ಟೆನಿಸ್‌ನಲ್ಲಿ ಡಬಲ್ಸ್ ಜೋಡಿ. ಆಗ ಹುಡುಗಿಯರ ಕಾಲೇಜುಗಳ ಚಾಂಪಿಯನ್‌ಷಿಪ್ ಎಂದರೆ ಬ್ಯಾನರೂ ಇಲ್ಲ, ಭಾಷಣವೂ ಇಲ್ಲ. ನಾಲ್ಕಾರು ಕಾಲೇಜುಗಳ ವ್ಯಾಯಾಮದ ಮೇಡಂಗಳು ಹಟಕ್ಕೆ ಬಿದ್ದು ಶುರುಮಾಡಿದ್ದು. ಹುಡುಗರು ಆಡಿ ಮುಗಿಸಿ, ಬಿಸಿಲು ನೆತ್ತಿಗೆ ಬಂದ ಮೇಲೆ ಇವರಿಗೆ ಕೋರ್ಟು. ಅಷ್ಟರಲ್ಲಿ ಸುಣ್ಣದ ಗೆರೆಗಳು ಹುಡುಗರ ಕಾಲಿಗೆ ಸಿಕ್ಕಿ ಅಳಿಸಿರುತ್ತಿದ್ದವು, ಇವರೇ ಡಬ್ಬಿ ಹಿಡಿದು ಮತ್ತೆ ಎಳೆಯಬೇಕು. ಸ್ಕರ್ಟುಗಳು ಎಡಚಿ ಹೊಲಿದದ್ದು. ಗೆದ್ದವರಿಗೆ ಕೊಡುತ್ತಿದ್ದ ಟ್ರೋಫಿ ಒಬ್ಬ ಮೇಡಂ ಮನೆಯ ಹಿತ್ತಾಳೆ ಹೂದಾನಿ. ಅಂಪೈರ್ ಅಂತ ಯಾರೂ ಇರಲಿಲ್ಲ. ತಮ್ಮ ಕಡೆ ಬಿದ್ದ ಚೆಂಡು ಗೆರೆಯ ಒಳಗೋ ಹೊರಗೋ ಎಂದು ಆಡುವವರೇ ಕೂಗಬೇಕು. ಸುಳ್ಳು ಕೂಗಿದವಳನ್ನು ಆಮೇಲೆ ಯಾರೂ ಮಾತಾಡಿಸುತ್ತಿರಲಿಲ್ಲವಂತೆ. ಅತ್ತೆ ಒಂದು ಸಲವೂ ಸುಳ್ಳು ಕೂಗಿದವಳಲ್ಲ ಎಂದು ಎಡಚಿಯೇ ಹೇಳುತ್ತಿದ್ದಳು, ಅದೂ ಬೈಗುಳದ ಹಾಗೆ.

ಇನ್ನು ಜಗಳದ ವಿಷಯ. ಎಡಚಿ ಕೋರ್ಟಿನ ಬಲಭಾಗದಲ್ಲಿ, ಅತ್ತೆ ಎಡಭಾಗದಲ್ಲಿ ನಿಲ್ಲುತ್ತಿದ್ದರು. ಹಾಗೆ ನಿಂತರೆ ಇಬ್ಬರ ಬಲವಾದ ಕೈಯೂ ನಡುವಿಗೆ ಬರುತ್ತದೆ. ನಡುವೆ ಬಂದ ಚೆಂಡಿಗೆಲ್ಲ ಇಬ್ಬರೂ ಮುನ್ನುಗ್ಗಿ ರಾಕೆಟ್ಟಿಗೆ ರಾಕೆಟ್ಟು ಬಡಿಯುತ್ತಿತ್ತು. ಮೇಡಂ ಬೈದು ಬೈದು ಸಾಕಾಗಿ ಕೊನೆಗೆ ಒಂದು ಕಟ್ಟಳೆ ಮಾಡಿದರು. ಮೊದಲು ಕೂಗಿ, ಆಮೇಲೆ ಹೊಡೆಯಿರಿ. ತಾನು ಹೊಡೆಯುವುದಾದರೆ 'ನಂದು', ಜೊತೆಯವಳಿಗೆ ಬಿಡುವುದಾದರೆ 'ನಿಂದು'.

ಅವರ ಕಾಲೇಜಿನ ಕೊನೆಯ ವರ್ಷ ಫೈನಲ್‌ವರೆಗೂ ಬಂದರು. ಇನ್ನೊಂದು ಪಾಯಿಂಟ್ ಕೊಟ್ಟರೆ ಸೋಲು. ಆಗ ಎದುರಿನವಳು ಹೊಡೆದದ್ದು ಮೆತ್ತಗಿನ ಒಂದು ಚೆಂಡು, ಕಣ್ಣು ಮುಚ್ಚಿಕೊಂಡು ಹೊಡೆಯಬಹುದಾದದ್ದು. ನಟ್ಟನಡುವೆ ಬಂತು. ಇವರಿಬ್ಬರೂ ಒಟ್ಟಿಗೇ 'ನಿಂದು' ಎಂದರು. ಇಬ್ಬರೂ ನಿಂತುಬಿಟ್ಟರು. ಚೆಂಡು ಇಬ್ಬರ ನಡುವೆ ಪುಟಿದು, ಹಿಂದಿನ ಬೇಲಿಗೆ ಹೋಗಿ ತಗುಲಿಕೊಂಡಿತು.

ಅಲ್ಲಿಂದ ಶುರುವಾದದ್ದು. ಭಾನುವಾರ ಬಂತೆಂದರೆ ಅತ್ತೆ ಎಡಚಿಯ ಮನೆಯಲ್ಲಿ ಇರುತ್ತಿದ್ದಳು. ಎಡಚಿ ಬಟ್ಟೆಗೆ ಕಾಜಾ ಹಾಕುತ್ತಾ ಕೂತಿರುತ್ತಿದ್ದಳು, ಅತ್ತೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಹತ್ತು ನಿಮಿಷ ಸುಮ್ಮನಿದ್ದರೆ ಹೆಚ್ಚು.

"ಅದು ನಿಂದೇ ಕಣೇ," ಎಡಚಿ ಶುರುಮಾಡುವಳು.

"ನಿನ್ನ ಮೂಗಿನ ಮುಂದೆ ಹೋಯ್ತಲ್ಲೇ ಚೆಂಡು! ನಿಂದು."

"ನಿನ್ನ ಕಣ್ಣು ಆಗ್ಲೇ ಹೋಗಿತ್ತು. ಅದಕ್ಕೇ ಕನ್ನಡಕದ ಅಂಗಡಿ ಸೇರಿದ್ದು ನೀನು."

ನಾನು ಚಿಕ್ಕವಳಿದ್ದಾಗ ಇವರು ನಿಜವಾಗಿ ಮುನಿಸಿಕೊಂಡಿದ್ದಾರೆ ಎಂದು ಹೆದರುತ್ತಿದ್ದೆ. ಎಡಚಿಯ ಗಂಡ ತೀರಿಕೊಂಡ ವಾರವೂ ಅತ್ತೆ ಹೋಗಿ ಪಕ್ಕದಲ್ಲಿ ಕೂತು, ಮೆಲ್ಲಗೆ "ನಿಂದು" ಎಂದಳು. ಎಡಚಿ ಅಳುವಿನ ಮಧ್ಯೆಯೇ "ಹೋಗೇ, ನಿಂದು" ಎಂದಳು. ಅವರಿಬ್ಬರ ನಡುವಿನ ಸಮಾಧಾನದ ಮಾತೆಂದರೆ ಅದೇ ಆಗಿತ್ತು.

ಹೋದ ವರ್ಷ ಎಡಚಿಗೆ ಲಕ್ವ ಹೊಡೆಯಿತು. ಎಡಗೈ ಹೋಯಿತು, ಮಾತೂ ಹೋಯಿತು. ಮಾತಿನಲ್ಲಿ ಒಂದೇ ಒಂದು ಉಳಿಯಿತು, 'ನಿಂದು'. ನೀರು ಬೇಕಾದರೂ ನಿಂದು, ಬೇಡವಾದರೂ ನಿಂದು. ಕೆಲವರಿಗೆ ಹೀಗೆ ಬಳಸಿ ಬಳಸಿ ಪಳಗಿದ ಒಂದು ಪದ ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿದರು. ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದೇ ಹೊತ್ತಿಗೆ ಚಾಂಪಿಯನ್‌ಷಿಪ್ಪಿಗೆ ಐವತ್ತು ತುಂಬಿತೆಂದು ಕ್ರೀಡಾ ಮಂಡಳಿಯವರು ಒಂದು ಪುಸ್ತಕ ತಂದರು. ಅತ್ತೆ ಭೂತಗನ್ನಡಿ ಹಿಡಿದು ಹಾಳೆ ಹಾಳೆ ತಿರುವಿದಳು. ಇವರು ಕಾಲೇಜು ಬಿಟ್ಟ ಮರುವರ್ಷ ಮಂಡಳಿಯವರು ಚಾಂಪಿಯನ್‌ಷಿಪ್ಪನ್ನು ಕೈಗೆ ತೆಗೆದುಕೊಂಡಿದ್ದರಂತೆ. ಪುಸ್ತಕದ ಪ್ರಕಾರ ಅದೇ ಮೊದಲನೆಯದು. ಅದಕ್ಕೂ ಹಿಂದಿನ ವರ್ಷಗಳು, ಆ ಮೇಡಂಗಳು, ಆ ಹೂದಾನಿ ಯಾವುದೂ ಇಲ್ಲ.

"ಗೆದ್ದಿದ್ದೀವಿ ಅಂತ ನಾವೇನೂ ಹೇಳ್ತಿಲ್ಲ," ಅಂದಳು ಅತ್ತೆ. "ಸೋತಿದ್ದೂ ಲೆಕ್ಕಕ್ಕಿಲ್ಲ ಅಂದ್ರೆ ಏನರ್ಥ? ನಾವು ಅಲ್ಲಿ ಇರ್ಲೇ ಇಲ್ವಾ?"

ಅಂದಿನಿಂದ ಅವಳಿಗೆ ಒಂದೇ ಧ್ಯಾನ. ಎಡಚಿ ಕಣ್ಣುಮುಚ್ಚುವ ಮೊದಲು ಆ ಫೈನಲ್ ಲೆಕ್ಕಕ್ಕೆ ಸೇರಬೇಕು, ಅದನ್ನು ತಾನೇ ಹೋಗಿ ಅವಳ ಕಿವಿಗೆ ಹಾಕಬೇಕು. ಎಡಚಿಗೂ ಹೇಳಿಬಂದಳು. ಮಂಡಳಿಗೆ ಓಡಾಡಿ ಚಪ್ಪಲಿ ಸವೆಸಿದಳು, ಜೊತೆಗೆ ನನ್ನದನ್ನೂ. ಕೊನೆಗೊಂದು ದಿನ ಅಧಿಕಾರಿಯೊಬ್ಬರು ನಮ್ಮನ್ನು ಕೂರಿಸಿ ಟೀ ತರಿಸಿದರು. ಟೀ ಬಂದಾಗಲೇ ನನಗೆ ಅನುಮಾನ ಬಂತು.

"ಅಮ್ಮಾ, ನೀವು ಹೇಳೋದು ನಿಜವೇ ಇರಬಹುದು. ಆದ್ರೆ ಅಂಪೈರ್ ಇಲ್ಲದ ಆಟವನ್ನ ನಾವು ಹೇಗೆ ಸೇರಿಸೋಕಾಗುತ್ತೆ ಹೇಳಿ? ಒಳಗೋ ಹೊರಗೋ ಅನ್ನೋದಕ್ಕೆ ಸಾಕ್ಷಿ ಯಾರು?"

"ನಾವೇ," ಅಂದಳು ಅತ್ತೆ.

ಅವರು ನಕ್ಕರು. ಕೆಟ್ಟ ಮನುಷ್ಯರೇನಲ್ಲ, ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ಮಾತ್ರ ಟೀ ಪೂರ್ತಿ ಕುಡಿದು, ಲೋಟವನ್ನು ಮೇಜಿನ ಅಂಚಿನಿಂದ ಒಳಗೆ ಸರಿಸಿಟ್ಟು ಎದ್ದಳು.

ಅಲ್ಲಿಂದ ನೇರ ಎಡಚಿಯ ಮನೆಗೆ. ಎಡಚಿಯನ್ನು ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿಸಿ ಕೂರಿಸಿದ್ದರು. ಸೋತ ಎಡಗೈ ಹೊದಿಕೆಯ ಮೇಲೆ ಬಿದ್ದಿತ್ತು. ಬಾಗಿಲಲ್ಲಿ ಅತ್ತೆಯನ್ನು ಕಂಡದ್ದೇ ಹುಬ್ಬು ಏರಿಸಿ, "ನಿಂದು?" ಎಂದಳು. ಏನಾಯಿತು ಎಂದು ಕೇಳುತ್ತಿದ್ದಾಳೆ ಎಂಬುದು ನನಗೂ ತಿಳಿಯಿತು.

ಅತ್ತೆ ಮಂಚದ ತುದಿಯಲ್ಲಿ ಕೂತಳು. "ಆಯ್ತು ಕಣೇ. ಸೇರಿಸಿದ್ರು. ನಮ್ಮಿಬ್ಬರ ಹೆಸರೂ ಹಾಕ್ತಾರಂತೆ, ಸೋತವರು ಅಂತ. ಅಚ್ಚುಕಟ್ಟಾಗಿ."

ಒಂದು ಗೆರೆಯನ್ನೂ ಸುಳ್ಳು ಕೂಗದ ನನ್ನ ಅತ್ತೆ!

ಎಡಚಿ ಅವಳ ಮುಖವನ್ನೇ ನೋಡಿದಳು. ಬಾಯಿಯ ಒಂದು ಬದಿ ಮಾತ್ರ ನಕ್ಕಿತು. ಆಮೇಲೆ ಹಳೇ ಚಾಳಿಯಂತೆ, ಕೀಟಲೆಯ ದನಿಯಲ್ಲಿ, "ನಿಂದು" ಎಂದಳು.

ಅತ್ತೆ ಆ ಸೋತ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಹೂಂ, ನಂದೇ," ಅಂದಳು. "ಅವತ್ತು ನಾನು ಹೊಡೆದು ಹೊರಗೆ ಹೋದ್ರೆ ನನ್ನಿಂದ ಸೋತ್ವಿ ಅಂತಾಗುತ್ತಲ್ಲ ಅಂತ ಹೆದರಿಕೊಂಡೆ. ಅದಕ್ಕೇ ನಿನ್ನ ಮೇಲೆ ಹಾಕ್ದೆ. ಅದು ನಂದೇ ಚೆಂಡು. ಮೊದಲಿನಿಂದ್ಲೂ ನಂದೇ."

ಮೊದಲ ಮಾತು ಎಷ್ಟು ಸುಳ್ಳೋ ಇದು ಅಷ್ಟೇ ನಿಜ ಎಂದು ಅವಳ ದನಿಯೇ ಹೇಳುತ್ತಿತ್ತು. ಎಡಚಿ ಬಲಗೈಯಿಂದ ಅತ್ತೆಯ ಕೆನ್ನೆ ಮುಟ್ಟಲು ಹೋದಳು. ರೂಢಿಯಿಲ್ಲದ ಕೈ, ಕಿವಿಗೆ ತಾಗಿತು. ಹಾಗೇ ನಿದ್ದೆಹೋದಳು.

ತಿಂಗಳು ತುಂಬುವ ಮೊದಲೇ ಎಡಚಿ ಹೋದಳು. ಎಲ್ಲ ಮುಗಿದ ಮೇಲೆ ಅವಳ ಮಗಳು ನಮ್ಮನ್ನು ಗೇಟಿನವರೆಗೆ ಬಿಡಲು ಬಂದಳು.

"ಅವತ್ತು ನೀವು ಬಂದು ಹೋದ ಮೇಲೆ ಅಮ್ಮ ತುಂಬ ನೆಮ್ಮದಿಯಾಗಿದ್ರು ದೊಡ್ಡಮ್ಮ," ಅಂದಳು. "ಆ ಒಂದು ಮಾತೂ ಆಮೇಲೆ ಆಡ್ಲಿಲ್ಲ. ನೀರು ಬೇಕಾದ್ರೂ ಸುಮ್ನೆ ನೋಡೋರು, ಅಷ್ಟೇ."

ಪಾಪ, ಸಮಾಧಾನಕ್ಕೆಂದೇ ಹೇಳಿದ್ದು. ಅತ್ತೆ ತಲೆಯಾಡಿಸಿ, ಅವಳ ಬೆನ್ನು ಸವರಿ ಹೊರಟಳು. ರಸ್ತೆಯ ತಿರುವಿನಲ್ಲಿ ನಿಂತು, ಪಕ್ಕದ ಗೋಡೆ ಹಿಡಿದುಕೊಂಡಳು.

"ನಾನು ಒಪ್ಪಬಾರದಿತ್ತು ಕಣೇ," ಅಂದಳು ನನಗೆ. "ಇಲ್ಲ, ನಿಂದೇ ಅಂದಿದ್ರೆ, ಜಗಳಕ್ಕಾದ್ರೂ ಮಾರನೇ ದಿನ ಬಾಯಿ ಬಿಡ್ತಿದ್ಲು. ಇದ್ದ ಒಂದು ಮಾತನ್ನೂ ನಾನೇ ಮುಗಿಸಿಬಿಟ್ಟೆ."

ಹಾಗಲ್ಲ ಅತ್ತೆ ಎನ್ನಬೇಕಿತ್ತು. ಗೋಡೆ ಹಿಡಿದಿದ್ದ ಅವಳ ಕೈಯನ್ನು ಬಿಡಿಸಿ ನನ್ನ ಹೆಗಲಿಗೆ ಹಾಕಿಕೊಂಡೆ.